ಬೀದಿಯನ್ನು ಅಳಿಸುವ ಲೆನ್ಸ್

ಹೊಸದಾಗಿ ಮಿರರ್‌ಲೆಸ್ ಕ್ಯಾಮೆರಾ ಕೊಂಡವರು ‘ಬೀದಿ ಫೋಟೋಗ್ರಫಿಗೆ ಯಾವ ಲೆನ್ಸ್ ತಗೊಳ್ಳಲಿ?’ ಎಂದು ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ದುಡ್ಡಿದ್ದರೆ 70-200 ತಗೊ, ದೂರದಿಂದಲೇ ಹೊಡೆಯಬಹುದು, ಜನಕ್ಕೆ ಗೊತ್ತೇ ಆಗುವುದಿಲ್ಲ, ಮುಖದ ಭಾವ ಸಹಜವಾಗಿ ಸಿಗುತ್ತದೆ. ಅಷ್ಟು ದುಡ್ಡಿಲ್ಲದಿದ್ದರೆ 85 ಮಿ.ಮೀ. ತಗೊ, ಹಿನ್ನೆಲೆ ಪೂರ್ತಿ ಬ್ಲರ್ ಆಗಿ ಮುಖ ಎದ್ದು ಕಾಣುತ್ತದೆ. ಅಂಗಡಿಯವರು ಹೇಳುವುದು ಇದನ್ನೇ, ಕಾರ್ಯಾಗಾರದಲ್ಲಿ ಕಲಿಸುವವರು ಹೇಳುವುದು ಇದನ್ನೇ, ಭಾನುವಾರ ಬೆಳಿಗ್ಗೆ ಗುಂಪು ಕಟ್ಟಿಕೊಂಡು ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಹೋಗುವ ಹಿರಿಯರು ಕಿರಿಯರಿಗೆ ಹೇಳುವುದೂ ಇದನ್ನೇ. ಈ ಮಾತಿಗೆ ಯಾರೂ ಎದುರಾಡುವುದಿಲ್ಲ. ಎದುರಾಡಬೇಕು.

ಈ ಸಲಹೆ ತಪ್ಪು. ಅದರಿಂದ ಚಿತ್ರ ಕೆಡುತ್ತದೆ, ಚಿತ್ರದಲ್ಲಿರುವ ಮನುಷ್ಯನಿಗೆ ಅನ್ಯಾಯವಾಗುತ್ತದೆ, ತೆಗೆಯುವವನ ಕಲಿಕೆ ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತದೆ. ಲೆನ್ಸ್ ಆರಿಸುವುದೆಂದರೆ ಗಾಜಿನ ಗುಣಮಟ್ಟ ಆರಿಸುವುದು ಎಂದೇ ನಮ್ಮಲ್ಲಿ ತಿಳಿಯಲಾಗಿದೆ. ಬೀದಿಯಲ್ಲಿ ಹಾಗಲ್ಲ. ಅಲ್ಲಿ ಲೆನ್ಸ್ ಆರಿಸುವವನು ತಾನು ನಿಲ್ಲುವ ಜಾಗವನ್ನು ಆರಿಸುತ್ತಾನೆ. ಜನರ ನಡುವೆ ನಿಲ್ಲುವೆಯೋ, ಜನರಿಂದ ಅಡಗಿ ನಿಲ್ಲುವೆಯೋ ಎಂಬ ಪ್ರಶ್ನೆಗೆ ಉತ್ತರ ಬಿಲ್ಲು ಮಾಡಿಸುವಾಗಲೇ ತೀರ್ಮಾನವಾಗಿಬಿಡುತ್ತದೆ.

ಮೊದಲು ಚಿತ್ರದ ಮಾತು. ಉದ್ದ ಲೆನ್ಸ್ ಬೀದಿಯನ್ನು ಕತ್ತರಿಸಿ ಎಸೆಯುತ್ತದೆ. ಇದು ಅಭಿರುಚಿಯ ಮಾತಲ್ಲ, ಲೆಕ್ಕ. ಫುಲ್ ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ಹೂ ಮಾರುವ ಹೆಂಗಸಿನಿಂದ 2 ಮೀಟರ್ ದೂರದಲ್ಲಿ 35 ಮಿ.ಮೀ. ಲೆನ್ಸ್ ಹಿಡಿದು ನಿಂತರೆ, ಆಕೆ ಕೂತ ಜಾಗದಲ್ಲಿ ಸುಮಾರು 2 ಮೀಟರ್ ಅಗಲ ಚೌಕಟ್ಟಿಗೆ ಬರುತ್ತದೆ. 200 ಮಿ.ಮೀ. ಲೆನ್ಸಿನಲ್ಲಿ ಅಷ್ಟೇ ಅಗಲ ಬೇಕೆಂದರೆ ಆಕೆಯಿಂದ ಸುಮಾರು ಹನ್ನೊಂದೂವರೆ ಮೀಟರ್ ದೂರಕ್ಕೆ ಸರಿಯಬೇಕು. ಎರಡು ಚಿತ್ರಗಳಲ್ಲೂ ಆಕೆ ಒಂದೇ ಗಾತ್ರಕ್ಕೆ ಕಾಣುತ್ತಾಳೆ. ಈಗ ಆಕೆಯ ಬೆನ್ನ ಹಿಂದೆ 10 ಮೀಟರ್ ಆಚೆಗೆ ಕಣ್ಣು ಹಾಯಿಸಿ. 35ರಲ್ಲಿ ಅಲ್ಲಿ 12 ಮೀಟರಿಗೂ ಹೆಚ್ಚು ಅಗಲ ಕಾಣುತ್ತದೆ. 200ರಲ್ಲಿ 4 ಮೀಟರೂ ಇಲ್ಲ. ಕಾಣುವ ಆ ಚೂರೂ ಸ್ಪಷ್ಟವಾಗಿರುವುದಿಲ್ಲ, ಬಣ್ಣದ ಮಬ್ಬಾಗಿ ಹರಡಿರುತ್ತದೆ.

ಆ ಕಳೆದುಹೋದ 8 ಮೀಟರಿನಲ್ಲಿ ಏನಿತ್ತು? ಸೇವಂತಿಗೆಯ ಮೂಟೆ ಹೊತ್ತು ಓಡುವ ಹಮಾಲಿ ಇದ್ದ. ಕನಕಾಂಬರಕ್ಕೆ ಚೌಕಾಸಿ ಮಾಡುವ ಗಿರಾಕಿ ಇದ್ದಳು. ಮಾರು ಅಳೆಯುತ್ತಿದ್ದ ಪಕ್ಕದಂಗಡಿಯವನ ಚಾಚಿದ ಕೈ ಇತ್ತು. ನೀಲಿ ಟಾರ್ಪಾಲು, ತೊಟ್ಟಿಕ್ಕುವ ನೀರು, ಮೇಲುಸೇತುವೆಯ ಕಂಬ, ಬುಟ್ಟಿಯ ಅಂಚಿಗೆ ಅಂಟಿಸಿದ ಕ್ಯೂಆರ್ ಕೋಡ್ ಇದ್ದವು. ಬೀದಿ ಎಂದರೆ ಇವೇ. ಇವನ್ನೆಲ್ಲ ಹೊರಗಿಟ್ಟು ಉಳಿದ ಒಂದು ಮುಖವನ್ನು ‘ಬೀದಿ ಚಿತ್ರ’ ಎಂದು ಕರೆಯುವ ಅಧಿಕಾರ ನಮಗೆ ಯಾರು ಕೊಟ್ಟರು? ಅಂಥ ಚಿತ್ರವನ್ನು ಯಾರ ಮುಂದಾದರೂ ಹಿಡಿದು ‘ಇದು ಎಲ್ಲಿಯದು?’ ಎಂದು ಕೇಳಿ ನೋಡಿ. ಬೆಂಗಳೂರಿನದೋ, ಮೈಸೂರಿನ ದೇವರಾಜ ಮಾರುಕಟ್ಟೆಯದೋ, ಮಧುರೆಯದೋ ಹೇಳಲು ಅದರಲ್ಲಿ ಯಾವ ಗುರುತೂ ಇರುವುದಿಲ್ಲ. ಊರು ಹೇಳದ, ಕಾಲ ಹೇಳದ, ಕಸುಬು ಹೇಳದ ಚಿತ್ರ ಬೀದಿಯ ಬಗ್ಗೆ ಏನು ಹೇಳೀತು?

ಬ್ಲರ್ ಎಂಬುದು ಈಗ ಗುಣಮಟ್ಟದ ಮುದ್ರೆಯಾಗಿ ನಡೆಯುತ್ತಿದೆ. 85 ಮಿ.ಮೀ. ಲೆನ್ಸನ್ನು ಎಫ್/1.4ಕ್ಕೆ ತೆರೆದು 3 ಮೀಟರ್ ದೂರದವರ ಮೇಲೆ ಫೋಕಸ್ ಮಾಡಿದರೆ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 10 ಸೆಂಟಿಮೀಟರ್, ಅರ್ಧ ಗೇಣು. ಕಣ್ಣು ನಿಚ್ಚಳವಾಗಿದ್ದರೆ ಕಿವಿ ಮಸುಕು. ಆಕೆಯ ಕೈಯಲ್ಲಿದ್ದ ಹೂವು ಮಸುಕು, ಮುಂದಿದ್ದ ತಕ್ಕಡಿ ಮಸುಕು. ಸ್ಟುಡಿಯೋದಲ್ಲಿ ಮದುಮಗಳ ಮುಖ ತೆಗೆಯಲು ಇದು ಸರಿ. ಬೆಳಗಿನ ಜಾವದಿಂದ ದುಡಿಯುತ್ತಿರುವ ಹೆಂಗಸಿನ ಚಿತ್ರದಲ್ಲಿ ಅವಳ ದುಡಿಮೆಯನ್ನೇ ಮಸುಕು ಮಾಡುವುದು ಯಾವ ಸೌಂದರ್ಯ?

ಕಾಲದ ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ಐವತ್ತು ವರ್ಷ ಹಳೆಯ ಪೇಟೆಯ ಚಿತ್ರ ಕೈಗೆ ಸಿಕ್ಕರೆ ನಾವು ಏನನ್ನು ನೋಡುತ್ತೇವೆ? ಅಂಗಡಿಯ ಬೋರ್ಡು, ಬಸ್ಸಿನ ಆಕಾರ, ಸೀರೆ ಉಟ್ಟ ಬಗೆ, ಹಲಗೆಯ ಮೇಲೆ ಬರೆದ ದರ. ಮುಖದ ಸುತ್ತ ಇದ್ದದ್ದೇ ನಮಗೆ ಚರಿತ್ರೆಯಾಗಿ ಉಳಿದಿದೆ. ಇಂದಿನ ಬೆಂಗಳೂರು ಇದ್ದ ಬೀದಿಯನ್ನು ಅಗೆದು, ಕೆಡವಿ, ಹೊಸ ಕಂಬ ನೆಟ್ಟು ಬದಲಾಗುತ್ತಿರುವ ಊರು. ಇದರ ಸಾಕ್ಷಿಯಾಗಬೇಕಿದ್ದ ಸಾವಿರಾರು ಕ್ಯಾಮೆರಾಗಳು ದಿನವೂ ಆ ಸಾಕ್ಷಿಯನ್ನು ಕರಗಿಸುತ್ತಿವೆ. ಮುಂದಿನ ತಲೆಮಾರು ನಮ್ಮ ಹಾರ್ಡ್‌ಡಿಸ್ಕ್ ತೆರೆದು ನೋಡಿದಾಗ ಅವರಿಗೆ ಸಿಗುವುದು ಮಬ್ಬಿನ ಮುಂದೆ ನಿಂತ ಮುಖಗಳು ಮಾತ್ರ ಎಂದಾದರೆ, ಆ ನಷ್ಟಕ್ಕೆ ಹೊಣೆ ಯಾರು?

ಎರಡನೆಯ ಆರೋಪ ಇನ್ನೂ ಗಂಭೀರ. ಹನ್ನೊಂದು ಮೀಟರ್ ದೂರದಿಂದ, ಕಂಬದ ಮರೆಯಿಂದ ತೆಗೆದ ಚಿತ್ರಕ್ಕೆ ‘ಕ್ಯಾಂಡಿಡ್’ ಎಂಬ ಗೌರವದ ಹೆಸರು ಕೊಟ್ಟಿದ್ದೇವೆ. ಆದರೆ ಹಾಗೆ ತೆಗೆಯಿಸಿಕೊಳ್ಳುವವರು ಯಾರು ಎಂದು ಒಮ್ಮೆ ಪಟ್ಟಿ ಮಾಡಿ. ಹೂವಿನವರು, ಹಮಾಲಿಗಳು, ಪೌರಕಾರ್ಮಿಕರು, ಫುಟ್‌ಪಾತಿನಲ್ಲಿ ಮಲಗಿದವರು, ಭಿಕ್ಷುಕರು, ಮೈಮೇಲೆ ಸರಿಯಾಗಿ ಬಟ್ಟೆಯಿಲ್ಲದ ಮಕ್ಕಳು, ಮುಖ ಸುಕ್ಕುಗಟ್ಟಿದ ಮುದುಕರು. ಇದೇ ಲೆನ್ಸನ್ನು ಇದೇ ದೂರದಿಂದ ಒಂದು ದೊಡ್ಡ ಮಾಲಿನ ಕಾಫಿ ಅಂಗಡಿಯಲ್ಲಿ ಕೂತ ಕುಟುಂಬದ ಕಡೆಗೆ ತಿರುಗಿಸಲು ನಮ್ಮಲ್ಲಿ ಎಷ್ಟು ಜನಕ್ಕೆ ಧೈರ್ಯವಿದೆ? ತಿರುಗಿಸಿದರೆ ಸೆಕ್ಯುರಿಟಿಯವನು ಬರುತ್ತಾನೆ, ಕುಟುಂಬದ ಯಜಮಾನ ಎದ್ದು ಬಂದು ಕೇಳುತ್ತಾನೆ. ಹೂವಿನಾಕೆ ಬುಟ್ಟಿ ಬಿಟ್ಟು ಎದ್ದು ಬರಲಾರಳು. ಕೇಳಲಾರದವರನ್ನೇ ಹುಡುಕಿ ತೆಗೆಯುವುದನ್ನು ಸಹಜತೆಯ ಹುಡುಕಾಟ ಎಂದು ಕರೆಯುವುದನ್ನು ನಿಲ್ಲಿಸೋಣ. ಅದು ಬಲವಿಲ್ಲದವರ ಮೇಲೆ ಬಲ ತೋರುವ ಕೆಲಸ.

ಹತ್ತಿರ ನಿಂತವನಿಗೆ ‘ಬ್ಯಾಡ ಕಣಪ್ಪ’ ಎನ್ನಬಹುದು. ಸೆರಗು ಮುಖಕ್ಕೆ ಎಳೆದುಕೊಳ್ಳಬಹುದು, ಬೈಯಬಹುದು, ನಗಬಹುದು, ‘ನಂಗೂ ತೋರ್ಸು’ ಎಂದು ಕೇಳಬಹುದು. ಈ ಎಲ್ಲ ಹಕ್ಕುಗಳೂ 2 ಮೀಟರ್ ದೂರದಲ್ಲಿ ಜೀವಂತವಾಗಿರುತ್ತವೆ. ಹನ್ನೊಂದು ಮೀಟರಿನಲ್ಲಿ ಒಂದೂ ಉಳಿಯುವುದಿಲ್ಲ, ಏಕೆಂದರೆ ತನ್ನನ್ನು ತೆಗೆಯುತ್ತಿದ್ದಾರೆಂದೇ ಆಕೆಗೆ ಗೊತ್ತಿಲ್ಲ. ‘ಯಾರಿಗೂ ಗೊತ್ತಾಗುವುದಿಲ್ಲ’ ಎಂಬುದನ್ನು ಲೆನ್ಸಿನ ಗುಣವೆಂದು ಹೇಳಿ ಮಾರುತ್ತಿದ್ದೇವೆ. ಇನ್ನೊಬ್ಬರ ಮುಖವನ್ನು ಅವರಿಗೆ ಗೊತ್ತಾಗದಂತೆ ಒಯ್ಯುವುದು ಗುಣವಾದದ್ದು ಯಾವಾಗ?

‘ಹತ್ತಿರ ಹೋದರೆ ಮುಖದ ಭಾವ ಬದಲಾಗಿಬಿಡುತ್ತದೆ’ ಎನ್ನುತ್ತಾರೆ. ಬದಲಾಗಲಿ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಕಂಡಾಗ ಮುಖದಲ್ಲಿ ಏಳುವ ಅನುಮಾನ, ಸಂಕೋಚ, ಕುತೂಹಲ ಇವೂ ಬೀದಿಯ ಭಾವಗಳೇ. ಇಷ್ಟಕ್ಕೂ ಆ ಬದಲಾವಣೆ ಎಷ್ಟು ಹೊತ್ತಿನದು? ಮಾರ್ಕೆಟ್ಟಿನ ಜನಕ್ಕೆ ನಿಮ್ಮ ಕ್ಯಾಮೆರಾಕ್ಕಿಂತ ಮುಖ್ಯವಾದ ಕೆಲಸವಿದೆ. ಒಂದೇ ಕಡೆ ಅರ್ಧ ಗಂಟೆ ನಿಂತು ನೋಡಿ. ಮೊದಲು ಎಲ್ಲರೂ ತಿರುಗಿ ನೋಡುತ್ತಾರೆ, ಆಮೇಲೆ ಇಬ್ಬರು ಮಾತಾಡಿಸುತ್ತಾರೆ, ಅದಾದ ಮೇಲೆ ದಾರಿ ಬಿಡು ಎಂದು ಪಕ್ಕಕ್ಕೆ ತಳ್ಳಿ ತಮ್ಮ ಕೆಲಸ ಮುಂದುವರಿಸುತ್ತಾರೆ. ಆಗ ಸಿಗುವ ಸಹಜತೆ ನೀವು ಅಲ್ಲಿ ನಿಂತು ಸಂಪಾದಿಸಿದ್ದು. ಉದ್ದ ಲೆನ್ಸ್ ಈ ಅರ್ಧ ಗಂಟೆಯನ್ನು ಉಳಿಸಿಕೊಡುತ್ತದೆ ಎಂಬುದೇ ಅದರ ಆಕರ್ಷಣೆ. ಬೀದಿ ಛಾಯಾಗ್ರಹಣ ಎಂಬ ಕಲೆ ಇರುವುದೇ ಆ ಅರ್ಧ ಗಂಟೆಯೊಳಗೆ.

ಈ ಅಭ್ಯಾಸ ನಮ್ಮಲ್ಲಿ ಎಲ್ಲಿಂದ ಬಂತು? ಕರ್ನಾಟಕದ ಛಾಯಾಗ್ರಹಣಕ್ಕೆ ಕಾಡಿನ ದೊಡ್ಡ ಪರಂಪರೆ ಇದೆ. ಟಿ.ಎನ್.ಎ. ಪೆರುಮಾಳ್, ಎಂ.ವೈ. ಘೋರ್ಪಡೆ, ಮೂಡಿಗೆರೆಯಲ್ಲಿ ಹಕ್ಕಿಗಳ ಹಿಂದೆ ಅಲೆದ ಪೂರ್ಣಚಂದ್ರ ತೇಜಸ್ವಿ, ಕೃಪಾಕರ-ಸೇನಾನಿ ಹೀಗೆ ಈ ನಾಡು ಹೆಮ್ಮೆಪಡಬೇಕಾದ ಹೆಸರುಗಳಿವೆ. ಅವರಿಂದ ಎರಡು ಮೂರು ತಲೆಮಾರು ಕಲಿತಿದೆ. ದೂರ ನಿಲ್ಲು, ಅಡಗಿ ಕೂರು, ಸದ್ದು ಮಾಡಬೇಡ, ಜೀವಿಗೆ ನಿನ್ನ ಸುಳಿವು ಸಿಗಕೂಡದು ಎಂಬುದು ಕಾಡಿನ ಪಾಠ. ಅಲ್ಲಿ ಅದು ಕರುಣೆ. ಗೂಡಿನ ಹತ್ತಿರ ಹೋದರೆ ಹಕ್ಕಿ ಮರಿಗಳನ್ನು ತೊರೆಯಬಹುದು, ಬೆದರಿದ ಆನೆ ತಿರುಗಿ ಬೀಳಬಹುದು. 600 ಮಿ.ಮೀ. ಲೆನ್ಸ್ ಅಲ್ಲಿ ಪ್ರಾಣಿಗೂ ಮನುಷ್ಯನಿಗೂ ರಕ್ಷಣೆ.

ಆ ಪಾಠವನ್ನು ಒಂದಕ್ಷರ ಬದಲಿಸದೆ ಪೇಟೆಗೆ ತಂದದ್ದೇ ಅನಾಹುತ. ಬಳೇಪೇಟೆಯ ವ್ಯಾಪಾರಿ ಬೆದರಿ ಓಡುವ ಜಿಂಕೆಯೇ? ಕಲಾಸಿಪಾಳ್ಯದ ಹಮಾಲಿಯನ್ನು ಮರೆಯಲ್ಲಿ ಕೂತು ಕಾಯಬೇಕೇ? ಅವರಿಗೆ ಮಾತು ಬರುತ್ತದೆ, ನಮಗೂ ಬರುತ್ತದೆ. ‘ಅಕ್ಕಾ, ಮಾರು ಎಷ್ಟು? ನೀವು ಕಟ್ಟೋದನ್ನ ಒಂದು ಫೋಟೋ ತೆಗೀಲಾ?’ ಎಂದು ಕೇಳಲು ಯಾವ ಉಪಕರಣವೂ ಬೇಡ. ಹಕ್ಕಿಯ ಜತೆ ಈ ಮಾತು ಸಾಧ್ಯವಿಲ್ಲದ್ದಕ್ಕೆ ಅಲ್ಲಿ ಉದ್ದ ಲೆನ್ಸ್ ಬೇಕಾಯಿತು. ಮಾತು ಸಾಧ್ಯವಿರುವ ಕಡೆಯೂ ಅದನ್ನೇ ಹಿಡಿದು ನಿಂತರೆ ಎದುರಿನವರನ್ನು ನಾವು ಮಾತು ಬಲ್ಲವರೆಂದು ಎಣಿಸಿಲ್ಲ ಎಂದೇ ಅರ್ಥ.

ಮೂರನೆಯದು ಉಪಕರಣದ ಮಾತು, ಏಕೆಂದರೆ ಈ ಸಲಹೆ ಮಿರರ್‌ಲೆಸ್ ಕ್ಯಾಮೆರಾಕ್ಕೇ ಬಗೆದ ದ್ರೋಹ. ಕ್ಯಾಮೆರಾದೊಳಗಿನ ಕನ್ನಡಿಯನ್ನು ತೆಗೆದದ್ದು ಏಕೆ? ಹಳೆಯ ನಿಕಾನ್ ಎಸ್ಎಲ್ಆರ್‌ನಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರಿಗೆ ಅಥವಾ ಫಿಲ್ಮಿಗೆ 46.5 ಮಿ.ಮೀ. ಅಂತರ ಬೇಕಿತ್ತು, ನಡುವೆ ಕನ್ನಡಿ ಏಳಬೇಕಿತ್ತಲ್ಲ. ಮಿರರ್‌ಲೆಸ್‌ನಲ್ಲಿ ಆ ಅಂತರ ನಿಕಾನ್ ಝಡ್‌ಗೆ 16, ಫ್ಯೂಜಿ ಎಕ್ಸ್‌ಗೆ 17.7, ಸೋನಿ ಇ-ಮೌಂಟಿಗೆ 18, ಕ್ಯಾನನ್ ಆರ್‌ಎಫ್‌ಗೆ 20 ಮಿ.ಮೀ.ಗೆ ಇಳಿಯಿತು. ಲೆನ್ಸಿನ ಹಿಂಭಾಗದ ಗಾಜು ಸೆನ್ಸರಿನ ಹತ್ತಿರಕ್ಕೆ ಬರಬಹುದಾದ್ದರಿಂದ ವೈಡ್ ಲೆನ್ಸುಗಳನ್ನು ಚಿಕ್ಕದಾಗಿ ಮಾಡುವುದು ಸುಲಭವಾಯಿತು. 2008ರಲ್ಲಿ ಪ್ಯಾನಸಾನಿಕ್ ಜಿ1 ಬಂದಾಗಿನಿಂದ ಈ ಕ್ಯಾಮೆರಾಗಳು ಕೊಟ್ಟ ಮಾತು ಇಷ್ಟೇ: ಚಿಕ್ಕದು, ಹಗುರ, ಸದ್ದಿಲ್ಲದ್ದು. ಬೀದಿಗೆ ಇದಕ್ಕಿಂತ ಒಳ್ಳೆಯ ವರ ಇನ್ನೇನಿತ್ತು?

ಕ್ಯಾನನ್ ಆರ್‌ಎಫ್ 28 ಮಿ.ಮೀ. ಎಫ್/2.8 ಲೆನ್ಸಿನ ತೂಕ 120 ಗ್ರಾಂ. ನಿಕಾನ್ ಝಡ್ 28 ಮಿ.ಮೀ. ಎಫ್/2.8 ಸುಮಾರು 155 ಗ್ರಾಂ. ಫ್ಯೂಜಿಯ 23 ಮಿ.ಮೀ. ಎಫ್/2 ಲೆನ್ಸ್ 180 ಗ್ರಾಂ, ಅದರ 27 ಮಿ.ಮೀ. ಎಫ್/2.8 ಲೆನ್ಸಿನ ಹೊಸ ಆವೃತ್ತಿ 84 ಗ್ರಾಂ. ಇವೆಲ್ಲ ಅಂಗಡಿಯಲ್ಲಿ ಸಿಗುತ್ತವೆ, ಆದರೆ ಯಾರೂ ತೋರಿಸುವುದಿಲ್ಲ. ತೋರಿಸುವುದು 70-200 ಎಫ್/2.8. ಸೋನಿಯ ಜಿಎಂ ಸರಣಿಯ ಮೊದಲ ಆವೃತ್ತಿ 1,480 ಗ್ರಾಂ ಇತ್ತು, ಬಹಳ ಹಗುರ ಮಾಡಿದ ಎರಡನೆಯದೂ 1 ಕಿಲೋ ದಾಟುತ್ತದೆ. ಕನ್ನಡಿ ತೆಗೆದು ಉಳಿಸಿದ ಭಾರವನ್ನೆಲ್ಲ ಮತ್ತೆ ಮುಂಭಾಗಕ್ಕೆ ತೂಗುಹಾಕಿ, ಬಿಳಿಯ ಉದ್ದ ನಳಿಗೆಯನ್ನು ಜನರ ಮುಖಕ್ಕೆ ಹಿಡಿದು, ಆಮೇಲೆ ‘ಯಾರಿಗೂ ಗೊತ್ತಾಗುವುದಿಲ್ಲ’ ಎನ್ನುತ್ತೇವೆ. ಆ ನಳಿಗೆ ಇಡೀ ಮಾರ್ಕೆಟ್ಟಿಗೆ ಕಾಣುತ್ತದೆ. ಯಾರ ಮುಖ ಅದರಲ್ಲಿ ಸೇರುತ್ತಿದೆಯೋ ಅವರೊಬ್ಬರಿಗೆ ಮಾತ್ರ ಗೊತ್ತಾಗುವುದಿಲ್ಲ. ಹೆಣ್ಣುಮಕ್ಕಳಿಗೆ ದೂರದ ಲೆನ್ಸ್ ಸುರಕ್ಷಿತ ಎಂದು ಕಲಿಸುವವರಿಗೂ ಇದೇ ಉತ್ತರ. ಎಲ್ಲರ ಕಣ್ಣು ಸೆಳೆಯುವ, ಲಕ್ಷಾಂತರ ರೂಪಾಯಿಯ ಹೊರೆಯನ್ನು ಕೊರಳಿಗೆ ಹಾಕಿ ಒಬ್ಬಳನ್ನೇ ಸಂದಿಗೆ ಕಳಿಸುವುದರಲ್ಲಿ ಯಾವ ಸುರಕ್ಷತೆ ಇದೆ? ಅಂಗೈಯಲ್ಲಿ ಹಿಡಿಯುವ ಕ್ಯಾಮೆರಾ ಹಿಡಿದು, ನಾಲ್ಕು ಜನ ವ್ಯಾಪಾರಿ ಹೆಂಗಸರ ನಡುವೆ ಮಾತಾಡಿಕೊಂಡು ನಿಂತವಳಿಗೆ ಆ ಹೆಂಗಸರೇ ಕಾವಲು.

ಇನ್ನು ಬೆಳಕಿನ ವಾದ. ನಸುಕಿನ ಮಾರ್ಕೆಟ್ಟಿಗೆ ಎಫ್/1.4 ಇಲ್ಲದೆ ಆಗದು ಎಂದು ಹೆದರಿಸಲಾಗುತ್ತದೆ. ಲೆಕ್ಕ ಹಾಕೋಣ. ಎಫ್/1.4ಕ್ಕೂ ಎಫ್/2ಕ್ಕೂ ಇರುವ ವ್ಯತ್ಯಾಸ ಒಂದು ಸ್ಟಾಪ್, ಎಫ್/2.8ಕ್ಕೆ ಎರಡು ಸ್ಟಾಪ್. ಅಂದರೆ ಐಎಸ್ಒ 1600ರಲ್ಲಿ ಆಗುತ್ತಿದ್ದ ಚಿತ್ರ ಎಫ್/2.8ರಲ್ಲಿ 6400ಕ್ಕೆ ಹೋಗುತ್ತದೆ. ಇಂದಿನ ಸೆನ್ಸರುಗಳು 6400ನ್ನು ನಿರಾಯಾಸವಾಗಿ ಹೊರುತ್ತವೆ. ಒಂದಿಷ್ಟು ಗ್ರೇನ್ ಕಾಣಿಸಿದರೆ ಬೀದಿಯ ಚಿತ್ರಕ್ಕೆ ಅದರಿಂದ ಯಾವ ಕುಂದೂ ಇಲ್ಲ. ಎಫ್/1.4ರ ಆಸೆಗೆ ಬಿದ್ದರೆ ಕಳೆದುಕೊಳ್ಳುವುದು ಆಳ. 50 ಮಿ.ಮೀ. ಲೆನ್ಸಿನಲ್ಲಿ 2 ಮೀಟರ್ ದೂರಕ್ಕೆ ಸ್ಪಷ್ಟವಾಗಿ ಉಳಿಯುವುದು ಸುಮಾರು 13 ಸೆಂಟಿಮೀಟರ್. ನಡೆದಾಡುವ, ತಿರುಗುವ, ಬಗ್ಗುವ ಜನರನ್ನು ಆ ಸಪೂರ ಸೀಳಿನೊಳಗೆ ಹಿಡಿಯಲು ಹೋಗಿ ಕ್ಷಣವೇ ಕೈತಪ್ಪುತ್ತದೆ. ಕತ್ತಲಿನಲ್ಲಿ ಗಮನ ಕೊಡಬೇಕಾದ ಸಂಗತಿ ಬೇರೆಯೇ ಇದೆ. ಎಲ್‌ಇಡಿ ಬಲ್ಬಿನ ಕೆಳಗೆ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದ ಮೇಲೆ ಅಡ್ಡಪಟ್ಟೆಗಳು ಬೀಳಬಹುದು, ಅಲ್ಲಿ ಮೆಕ್ಯಾನಿಕಲ್ ಶಟರಿಗೆ ಬದಲಿಸಬೇಕು. ಇದನ್ನು ಹೇಳಿಕೊಡಲು ಖರ್ಚಿಲ್ಲ, ಲಾಭವೂ ಇಲ್ಲ. ಹಾಗಾಗಿಯೇ ಇದನ್ನು ಹೇಳಿಕೊಡುವವರು ಕಡಿಮೆ, ದುಬಾರಿ ಲೆನ್ಸ್ ಕೊಳ್ಳಿ ಎನ್ನುವವರು ಹೆಚ್ಚು.

ಕಿಸೆಯ ಮಾತಿಗೂ ಬರಲೇಬೇಕು. ಮೊದಲ ಸಂಬಳದಲ್ಲಿ ಕಂತಿಗೆ ಕ್ಯಾಮೆರಾ ಕೊಂಡ ಯುವಕನಿಗೆ, ಅದರ ಜತೆ ಬಂದ ಕಿಟ್ ಲೆನ್ಸ್ ಪ್ರಯೋಜನಕ್ಕೆ ಬಾರದ್ದು ಎಂದು ಮೊದಲ ವಾರದಲ್ಲೇ ಹೇಳಿಬಿಡುತ್ತಾರೆ. ಅವನು ಇನ್ನೊಂದು ಸಾಲಕ್ಕೆ ಬೀಳುತ್ತಾನೆ, ಇಲ್ಲವೇ ತನ್ನ ಚಿತ್ರ ಚೆನ್ನಾಗಿಲ್ಲದ್ದಕ್ಕೆ ಲೆನ್ಸೇ ಕಾರಣವೆಂದು ನಂಬಿ ಕ್ಯಾಮೆರಾ ಬೀರುವಿನಲ್ಲಿ ಇಡುತ್ತಾನೆ. ಎರಡೂ ಅನ್ಯಾಯ. 18-55 ಕಿಟ್ ಲೆನ್ಸನ್ನು 23ಕ್ಕೆ ತಿರುಗಿಸಿ, ಎಫ್/8 ಇಟ್ಟು, ಫೋಕಸ್ಸನ್ನು ಮ್ಯಾನ್ಯುಯಲ್ ಮಾಡಿ ಸುಮಾರು ಮೂರೂಕಾಲು ಮೀಟರಿಗೆ ನಿಲ್ಲಿಸಿದರೆ, ಎಪಿಎಸ್-ಸಿ ಕ್ಯಾಮೆರಾದಲ್ಲಿ ಒಂದೂಮುಕ್ಕಾಲು ಮೀಟರಿನಿಂದ ಹಿಡಿದು ಕಣ್ಣು ಹಾಯುವಷ್ಟು ದೂರದವರೆಗೂ ಎಲ್ಲ ಸ್ಪಷ್ಟ. ಫೋಕಸ್ಸಿಗಾಗಿ ಕಾಯುವುದೇ ಬೇಡ. ಹಗಲಿನ ಗಾಂಧಿಬಜಾರಿನಲ್ಲಿ ಹೀಗೆ ತೆಗೆದ ಚಿತ್ರವನ್ನೂ ದೊಡ್ಡ ಬೆಲೆಯ ಲೆನ್ಸಿನಲ್ಲಿ ಅದೇ ಎಫ್/8ಕ್ಕೆ ತೆಗೆದ ಚಿತ್ರವನ್ನೂ ಪಕ್ಕಪಕ್ಕ ಮುದ್ರಿಸಿ ಗೋಡೆಗೆ ಹಾಕಿ. ನೋಡುವವರು ಬೆಲೆಯನ್ನು ಗುರುತಿಸಲಾರರು, ಯಾರು ಎಲ್ಲಿ ನಿಂತಿದ್ದರು ಎಂಬುದನ್ನು ಗುರುತಿಸುತ್ತಾರೆ.

ಈ ಕಲೆಯನ್ನು ಕಟ್ಟಿದವರು ಏನು ಹಿಡಿದಿದ್ದರು? ಆನ್ರಿ ಕಾರ್ಟಿಯೇ-ಬ್ರೆಸ್ಸೋನ್ ಜೀವಮಾನದ ಬಹುಪಾಲು ಒಂದು ಲೈಕಾ, ಒಂದು 50 ಮಿ.ಮೀ. ಲೆನ್ಸಿನಲ್ಲಿ ಕಳೆದರು. ಗ್ಯಾರಿ ವಿನೋಗ್ರ್ಯಾಂಡ್ 28 ಮಿ.ಮೀ. ಹಿಡಿದು ನ್ಯೂಯಾರ್ಕಿನ ಕಾಲುದಾರಿಯ ಜನರ ನಡುವೆಯೇ ನಡೆದರು. ಜೋಯಲ್ ಮೆಯರೋವಿಟ್ಜ್ 35ಕ್ಕೆ ಅಂಟಿಕೊಂಡರು. ನಮ್ಮದೇ ದೇಶದ ರಘುಬೀರ್ ಸಿಂಗ್ (1942–1999) ಅವರ ಬಣ್ಣದ ಚಿತ್ರಗಳನ್ನು ನೋಡಿ. ಚೌಕಟ್ಟಿನ ಅಂಚಿನಿಂದ ಅಂಚಿಗೆ ಜನ, ಗೋಡೆ, ಗಾಡಿ, ದೇವರು, ಜಾಹೀರಾತು. ಹತ್ತಿರದ್ದೂ ದೂರದ್ದೂ ಒಟ್ಟಿಗೆ ಮಾತಾಡುತ್ತವೆ. ಅಂಬಾಸಡರ್ ಕಾರಿನ ಬಾಗಿಲು ಕಿಟಕಿಗಳನ್ನೇ ಚೌಕಟ್ಟು ಮಾಡಿಕೊಂಡು ಅವರು ಭಾರತವನ್ನು ನೋಡಿದ ಪುಸ್ತಕ ಅವರು ತೀರಿಕೊಂಡ ಮೇಲೆ 2002ರಲ್ಲಿ ಬಂತು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಮಾನ್ಯ ಜನರನ್ನು, ಅದರಲ್ಲೂ ಮಕ್ಕಳನ್ನು, ಜೀವಮಾನವಿಡೀ ತೆಗೆದವರು. ಅವರ ಚಿತ್ರದ ಮಕ್ಕಳಿಗೆ ಮನೆಯಿದೆ, ಶಾಲೆಯಿದೆ, ಓಣಿಯಿದೆ. ಈ ಪರಂಪರೆ ಕೈಗೆಟುಕುವಷ್ಟು ಹತ್ತಿರವಿರುವಾಗ, ಬ್ಲರ್ ಎಂಬ ಅಲಂಕಾರವನ್ನು ಗುರುವಾಗಿ ಮಾಡಿಕೊಂಡದ್ದು ಏಕೆ?

ಸಾಲ್ ಲೈಟರ್ ಉದ್ದ ಲೆನ್ಸ್ ಬಳಸಲಿಲ್ಲವೇ ಎಂದು ಕೇಳುವವರಿದ್ದಾರೆ. ಬಳಸಿದರು. ಆದರೆ ಅವರ ನ್ಯೂಯಾರ್ಕಿನ ಚಿತ್ರಗಳಲ್ಲಿ ಹಬೆ ಹಿಡಿದ ಗಾಜು, ಛತ್ರಿ, ಹಿಮ, ಅಂಗಡಿಯ ಅಕ್ಷರಗಳೇ ಚಿತ್ರವಾಗಿವೆ, ಮನುಷ್ಯ ಅವುಗಳ ಹಿಂದೆ ಅರ್ಧ ಮರೆಯಾಗಿದ್ದಾನೆ. ಅವರು ಬೀದಿಯನ್ನು ದಟ್ಟ ಮಾಡಿದರು, ನಮ್ಮವರು ಅದನ್ನು ಖಾಲಿ ಮಾಡುತ್ತಿದ್ದಾರೆ. ವಾಕರ್ ಇವಾನ್ಸ್ 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ ಕೋಟಿನೊಳಗೆ ಕ್ಯಾಮೆರಾ ಅಡಗಿಸಿ ತೆಗೆಯಲಿಲ್ಲವೇ? ತೆಗೆದರು, ಅದೂ ಪ್ರಯಾಣಿಕರ ಎದುರಿನ ಸೀಟಿನಲ್ಲೇ ಕೂತು. ಆ ಚಿತ್ರಗಳು ಪುಸ್ತಕವಾಗಿ ಬಂದದ್ದು 1966ರಲ್ಲಿ, ಕಾಲು ಶತಮಾನ ಕಳೆದ ಮೇಲೆ. ಬೆಳಿಗ್ಗೆ ಮರೆಯಿಂದ ತೆಗೆದದ್ದನ್ನು ಮಧ್ಯಾಹ್ನದೊಳಗೆ ಇನ್‌ಸ್ಟಾಗ್ರಾಂಗೆ ಹಾಕಿ ಮೆಚ್ಚುಗೆ ಎಣಿಸುವವರು ಅವರ ಹೆಸರು ಹೇಳಿ ತಪ್ಪಿಸಿಕೊಳ್ಳಲಾಗದು. ಕರಗ, ಕಡಲೆಕಾಯಿ ಪರಿಷೆಯಂಥ ಜನಜಂಗುಳಿಯಲ್ಲಿ ಟೆಲಿ ಲೆನ್ಸ್ ಬೇಕೇ ಬೇಕು ಎಂಬ ವಾದವಂತೂ ನಿಲ್ಲುವುದೇ ಇಲ್ಲ. ಜಂಗುಳಿಯಲ್ಲಿ ಉದ್ದ ಲೆನ್ಸಿಗೆ ಸಿಗುವುದು ಮುಂದಿನವರ ತಲೆ. ಎರಡಡಿ ಜಾಗದಲ್ಲಿ ನಿಂತು ಇಡೀ ಜನಸಾಗರವನ್ನು ಹಿಡಿಯಬಲ್ಲದ್ದು 28 ಮಾತ್ರ.

ಹಾಗಾದರೆ ಯಾವ ಲೆನ್ಸ್ ಕೊಳ್ಳಬೇಕು? ಸ್ಪಷ್ಟವಾಗಿ ಹೇಳುತ್ತೇನೆ. ಫುಲ್ ಫ್ರೇಮಿಗೆ 28, 35, ಹೆಚ್ಚೆಂದರೆ 50, ಅಷ್ಟೇ. ಎಪಿಎಸ್-ಸಿ ಕ್ಯಾಮೆರಾದಲ್ಲಿ ಲೆನ್ಸಿನ ಸಂಖ್ಯೆಯನ್ನು ಒಂದೂವರೆಯಿಂದ, ಕ್ಯಾನನ್ ಆದರೆ 1.6ರಿಂದ ಗುಣಿಸಿ ನೋಡಬೇಕು. ಅಲ್ಲಿ 18 ಎಂದರೆ 28ರ ನೋಟ, 23 ಎಂದರೆ 35ರ ನೋಟ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ ಎರಡರಿಂದ ಗುಣಿಸಬೇಕು, ಹಾಗಾಗಿ 14 ಮತ್ತು 17. ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಸಂದಿಗಳಂಥ ಇಕ್ಕಟ್ಟಿನ ಜಾಗಕ್ಕೆ 28ರ ನೋಟ ಬೇಕು, ಹಿಂದೆ ಸರಿಯಲು ಅಲ್ಲಿ ಜಾಗವಿರುವುದಿಲ್ಲ. ಮಲ್ಲೇಶ್ವರದ ಎಂಟನೇ ಕ್ರಾಸ್, ಹುಬ್ಬಳ್ಳಿಯ ದುರ್ಗದಬೈಲಿನಂಥ ಸ್ವಲ್ಪ ತೆರೆದ ಪೇಟೆಗೆ 35. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ 35ರಿಂದ ಶುರು ಮಾಡಿ. ಒಬ್ಬರ ಮುಖವನ್ನೂ ಅವರ ಸುತ್ತಲಿನ ಲೋಕವನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಅದಕ್ಕಿದೆ, 28ರಷ್ಟು ಧೈರ್ಯವನ್ನು ಮೊದಲ ದಿನವೇ ಕೇಳುವುದಿಲ್ಲ.

ಕೊಳ್ಳುವಾಗ ಎಫ್/1.4 ಇದೆಯೇ ಎಂದು ಕೇಳಬೇಡಿ. ತೂಕ 200 ಗ್ರಾಮಿನ ಆಸುಪಾಸಿನಲ್ಲಿದೆಯೇ, ಕ್ಯಾಮೆರಾ ಸಮೇತ ಒಂದು ಕೈಯಲ್ಲಿ ಹಿಡಿಯಬಹುದೇ, ಫೋಕಸ್ ಮೋಟರ್ ಸದ್ದು ಮಾಡುತ್ತದೆಯೇ, ಮ್ಯಾನ್ಯುಯಲ್ ಫೋಕಸ್ ಮಾಡುವಾಗ ದೂರದ ಅಳತೆ ಪರದೆಯ ಮೇಲೆ ಕಾಣುತ್ತದೆಯೇ ಎಂದು ನೋಡಿ. 35 ಮಿ.ಮೀ. ಲೆನ್ಸಿಗೆ ಎಫ್/8 ಇಟ್ಟು 3 ಮೀಟರಿಗೆ ಫೋಕಸ್ ನಿಲ್ಲಿಸಿದರೆ ಫುಲ್ ಫ್ರೇಮಿನಲ್ಲಿ 2 ಮೀಟರಿಗಿಂತ ಚೂರು ಹತ್ತಿರದಿಂದ 7 ಮೀಟರಿನವರೆಗೆ ಎಲ್ಲ ಸ್ಪಷ್ಟ. ಆ ಅಂತರವನ್ನು ಕಣ್ಣಿಗೆ ರೂಢಿ ಮಾಡಿಸಿ. ಬೀದಿಯ ಮಾತು, ನಗು, ಜಗಳ, ವ್ಯಾಪಾರ ಎಲ್ಲ ನಡೆಯುವುದು ಆ ಅಂತರದಲ್ಲೇ.

ಇದು ಒಬ್ಬೊಬ್ಬರ ಅಭಿರುಚಿಗೆ ಬಿಟ್ಟ ವಿಷಯ ಎಂದು ಕೈತೊಳೆದುಕೊಂಡದ್ದು ಸಾಕು. ಕಲಿಸುವವರಿಗೆ ನನ್ನ ಒತ್ತಾಯ: ನಿಮ್ಮ ಮೊದಲ ಪಾಠದಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ವಿದ್ಯಾರ್ಥಿ ಮಾರ್ಕೆಟ್ಟಿನಲ್ಲಿ ಐದು ಜನರನ್ನು ಮಾತಾಡಿಸಿ ಬರಲಿ, ಆಮೇಲೆ ಅಪರ್ಚರ್ ಹೇಳಿಕೊಡಿ. ಭಾನುವಾರದ ನಡಿಗೆ ಏರ್ಪಡಿಸುವವರಿಗೆ: 50ಕ್ಕಿಂತ ಉದ್ದದ ಲೆನ್ಸ್ ತರಕೂಡದು ಎಂಬ ನಿಯಮ ಮಾಡಿ. ಇಪ್ಪತ್ತು ಜನ ಒಬ್ಬ ಮುದುಕಿಯ ಸುತ್ತ ನಿಂತು ಗುರಿಯಿಡುವುದನ್ನು ನಿಲ್ಲಿಸಿ, ಇಬ್ಬಿಬ್ಬರಾಗಿ ಚದುರಿಸಿ, ತೆಗೆದ ಚಿತ್ರದ ಪ್ರತಿಯನ್ನು ಮುಂದಿನ ಬಾರಿ ಹೋದಾಗ ಅವರ ಕೈಗೆ ಕೊಟ್ಟು ಬನ್ನಿ. ಸ್ಪರ್ಧೆಗಳ ತೀರ್ಪುಗಾರರಿಗೆ: ಬೀದಿ ವಿಭಾಗಕ್ಕೆ ಬಂದ ಚಿತ್ರದಲ್ಲಿ ಬೀದಿ ಎಲ್ಲಿದೆ ಎಂದು ಕೇಳಿ. ಕಾಣದಿದ್ದರೆ ಅದು ಎಷ್ಟೇ ಚೆಂದವಿರಲಿ, ಪಕ್ಕಕ್ಕಿಡಿ. ನೀವು ಮಬ್ಬಿಗೆ ಬಹುಮಾನ ಕೊಡುವವರೆಗೂ ಹುಡುಗರು ಮಬ್ಬನ್ನೇ ಕಲಿಯುತ್ತಾರೆ. ಅಂಗಡಿಯವರಿಗೆ: ಬೀದಿಗೆ ಲೆನ್ಸ್ ಕೇಳಿ ಬಂದವರ ಮುಂದೆ ಮೊದಲು ಚಿಕ್ಕ ಲೆನ್ಸ್ ಇಡಿ, ಲಾಭ ಕಡಿಮೆಯಾದರೂ ಸರಿ.

ಕ್ಯಾಮೆರಾ ಹಿಡಿದ ಪ್ರತಿಯೊಬ್ಬರಿಗೂ ಕೊನೆಯ ಮಾತು. ನಿಮ್ಮ ಟೆಲಿ ಲೆನ್ಸನ್ನು ಕಾಡಿಗೆ ಒಯ್ಯಿರಿ, ಕ್ರೀಡಾಂಗಣಕ್ಕೆ ಒಯ್ಯಿರಿ, ಪೇಟೆಗೆ ತರಬೇಡಿ. ಯಾರ ಮುಖಾಮುಖಿ ನಿಂತು ಚಿತ್ರ ತೆಗೆಯುವ ಧೈರ್ಯ ನಿಮಗಿಲ್ಲವೋ ಅವರ ಚಿತ್ರವನ್ನು ಮರೆಯಿಂದ ತೆಗೆಯುವ ಹಕ್ಕೂ ನಿಮಗಿಲ್ಲ. ಆ ಧೈರ್ಯ ಬರುವವರೆಗೆ ಕ್ಯಾಮೆರಾ ಕೆಳಗಿಳಿಸಿ, ಜನರ ನಡುವೆ ನಿಂತು ಮಾತಾಡುವುದನ್ನು ಕಲಿಯಿರಿ. ಈ ನಾಡಿನ ಬೀದಿಗಳನ್ನು ಮುಂದಿನವರಿಗೆ ದಾಟಿಸುವ ಹೊಣೆ ನಮ್ಮ ಮೇಲಿದೆ. ಬೀದಿಯಿಂದ ದೂರ ನಿಂತವರಿಂದ ಆ ಕೆಲಸ ಎಂದೂ ಆಗದು.